ಶಿವನ ಜೊತೆ ಮಾತು ಬಿಟ್ಟಿದ್ದು

ಸೊಸೆ ಮಧುಶ್ರೀಯ ಮೊದಲ ಸ್ಕ್ಯಾನಿಂಗ್ ಮುಗಿಸಿಕೊಂಡು ಮರಳೂರಿನ ಮನೆಗೆ ಬಂದ ಸಂಜೆ ನಾನು ಶಿವನ ಜೊತೆ ಮಾತು ಬಿಟ್ಟೆ.

ಡಾಕ್ಟರ್ ತೇಜಸ್ವಿನಿ ನನ್ನ ಸೊಸೆಗಿಂತ ಚಿಕ್ಕವಳಂತೆ ಕಂಡಳು. "ಗರ್ಭದ ಚೀಲ ಕಾಣ್ತಿದೆ, ಒಳಗೆ ಹಾರ್ಟ್‌ಬೀಟ್ ಕಾಣ್ತಿಲ್ಲ. ದಿನದ ಲೆಕ್ಕದಲ್ಲಿ ಹೆಚ್ಚು ಕಮ್ಮಿ ಆಗಿರಬಹುದು. ಹತ್ತು ದಿನ ಬಿಟ್ಟು ಬನ್ನಿ, ನೋಡೋಣ" ಎಂದಳು. ಮಧುಶ್ರೀ ಹೊಟ್ಟೆಗೆ ಬಳಿದಿದ್ದ ಜೆಲ್ ಒರೆಸಿಕೊಂಡು, ಥ್ಯಾಂಕ್ಸ್ ಹೇಳಿ ಎದ್ದಳು. ಅಳಲಿಲ್ಲ. ಆಟೋದಲ್ಲೂ ಅಳಲಿಲ್ಲ. ಕುಣಿಗಲ್ಲಿನಿಂದ ಅವಳ ತಾಯಿ ಫೋನ್ ಮಾಡಿದಾಗ "ಎಲ್ಲ ಚೆನ್ನಾಗಿದೆ ಅಮ್ಮ" ಎಂದು ಸುಳ್ಳು ಹೇಳಿ ಬಟ್ಟೆ ಮಡಿಸತೊಡಗಿದಳು. ಗುಬ್ಬಿಯ ಕಾಲೇಜಿನ ಕೆಲಸ ಮುಗಿಸಿ ಬಂದ ನನ್ನ ಮಗ ಉದಯಕುಮಾರ್, ಮೊಬೈಲಿನಲ್ಲಿ ಜಗತ್ತಿನ ಡಾಕ್ಟರುಗಳನ್ನೆಲ್ಲ ಓದುತ್ತ ಕುಳಿತ.

ನಾನು ಲಿಂಗ ಕಟ್ಟಿದವಳು. ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಏನನ್ನೂ ಹಾಕಿದವಳಲ್ಲ. ನಮ್ಮ ಯಜಮಾನರು ಮಹಾದೇವಯ್ಯನವರು ಹೋದ ಶ್ರಾವಣದಲ್ಲಿ ತೀರಿಕೊಂಡ ಮಾರನೆಯ ದಿನವೂ ತಪ್ಪಿಸಿರಲಿಲ್ಲ. ಈ ಸಲ ಮಾತ್ರ ತಡೆಯಲಾಗಲಿಲ್ಲ.

"ಅವರನ್ನ ಕರ್ಕೊಂಡೆ, ವಯಸ್ಸಾಗಿತ್ತು ಅಂತ ಸುಮ್ನಿದ್ದೆ. ಈಗ ಹುಟ್ಟದೇ ಇರೋದರ ಮೇಲೂ ಕಣ್ಣಾ? ಅದರ ಎದೆ ಬಡಿಯೋವರೆಗೂ ನಿಂಗೆ ನೀರಿಲ್ಲ, ವಿಭೂತಿ ಇಲ್ಲ. ಬಿದ್ದಿರು" ಎಂದು, ಲಿಂಗವಿದ್ದ ಕೊರಳಿನ ಬೆಳ್ಳಿ ಕರಡಿಗೆಯನ್ನು ಒತ್ತಿ ಮುಚ್ಚಿದೆ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಡವಟ್ಟು ತಿಳಿಯಿತು. ಪೂಜೆ ಇಲ್ಲದೆ ನಾನು ಉಣ್ಣುವಂತಿಲ್ಲ. ಅವನಿಗೋ ಹಸಿವೆಂಬುದೇ ಇಲ್ಲ. ಶಿಕ್ಷೆ ಕೊಟ್ಟವಳೂ ನಾನು, ಅನುಭವಿಸುವವಳೂ ನಾನು. ಅಡುಗೆಮನೆಯಿಂದ ಹಿತಕಿದ ಬೇಳೆ ಸಾರಿನ ವಾಸನೆ ಬರುತ್ತಿತ್ತು. ಕಾಫಿ ಊಟವಲ್ಲವೆಂದು ನಾನೇ ತೀರ್ಮಾನಿಸಿ ಎರಡು ಲೋಟ ಕುಡಿದೆ. ಶಾಸ್ತ್ರದಲ್ಲಿ ಕಾಫಿಯ ಪ್ರಸ್ತಾಪವಿಲ್ಲ.

ಸಂಜೆ ತಲೆ ಸುತ್ತಿ ಬಾಗಿಲು ಹಿಡಿದುಕೊಂಡದ್ದನ್ನು ಮಧುಶ್ರೀ ನೋಡಿದಳು.

"ಅತ್ತೆ, ಬೆಳಗ್ಗೆಯಿಂದ ತಟ್ಟೆ ಮುಟ್ಟಿಲ್ಲ ನೀವು."

"ಪೂಜೆ ಆಗಿಲ್ಲ ಕಣೇ."

"ಯಾಕೆ?"

"ಅವನ ಜೊತೆ ಮಾತು ಬಿಟ್ಟಿದೀನಿ."

"ನನ್ನ ವಿಷ್ಯಕ್ಕಾ?"

"ಮತ್ತಿನ್ಯಾರ ವಿಷ್ಯಕ್ಕೆ?"

"ಚೆನ್ನಾಗಿದೆ. ನೀವು ಬಿದ್ದು ಸೊಂಟ ಮುರ್ಕೊಂಡ್ರೆ ಎತ್ತೋಕೂ ಆಗಲ್ಲ ನಂಗೆ, ಭಾರ ಎತ್ಬೇಡ ಅಂದವ್ರೆ. ಬೈಯೋದಿದ್ರೆ ಎದುರಿಗೆ ಕೂರಿಸ್ಕೊಂಡು ಬೈರಿ. ಡಬ್ಬೀಲಿ ಮುಚ್ಚಿಟ್ಟು ಬೈದ್ರೆ ಅವ್ನಿಗೇನ್ ಕೇಳ್ಸುತ್ತೆ?"

ಇದು ನನಗೆ ಹೊಳೆದಿರಲಿಲ್ಲ. ಸ್ನಾನ ಮಾಡಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿದೆ. ಆಮೇಲೆ ಬೈದೆ.

"ನಿಮ್ಮ ಮಕ್ಕಳಲ್ಲಿ ಒಬ್ಬನ್ನ ಮೈಮಣ್ಣಲ್ಲಿ ಮಾಡಿದ್ರಿ, ಇನ್ನೊಬ್ಬ ಹುಲ್ಲಿನ ಪೊದೇಲಿ ಸಿಕ್ಕಿದ. ನಿಮ್ಮನೇಲಿ ಹೊತ್ತು ಹೆತ್ತವರು ಯಾರವ್ರೆ? ಸ್ಕ್ಯಾನಿಂಗ್ ರೂಮಿನ ಕಷ್ಟ ನಿಂಗೇನ್ ಗೊತ್ತು?"

ಪಕ್ಕದಲ್ಲಿ ಸದ್ದಾಯಿತು. ಮಧುಶ್ರೀ ನಗುತ್ತಿದ್ದಳು. ಎದ್ದು ಹೋಗಿ, ಮದುವೆಯಾದಾಗಿನಿಂದ ಬೀರುವಿನಲ್ಲೇ ಇದ್ದ ತನ್ನ ಲಿಂಗವನ್ನು ತಂದು ಕುಳಿತಳು. "ನಾನೇನ್ ಜಾಸ್ತಿ ಕೇಳಿದ್ನಾ?" ಎಂದಳು. ಅಷ್ಟೇ. ಆಮೇಲೆ ಅಳು ಬಂತು.

"ಇನ್ನೊಂಚೂರು ಜೋರಾಗಿ ಹೇಳು ಮಗಾ, ಅವ್ನಿಗೆ ವಯಸ್ಸಾಗಿದೆ" ಎಂದೆ.

ಅಂದಿನಿಂದ ದಿನಾ ಬೆಳಿಗ್ಗೆ ಇಬ್ಬರೂ ಕುಳಿತು ಬೈದೆವು. ಅವಳು ಇಂಗ್ಲಿಷಿನಲ್ಲೂ ಬೈದಳು. ಬೈದಾದ ಮೇಲೆ ಅವಳಿಗೆ ಎರಡು ತುತ್ತು ಸೇರುತ್ತಿತ್ತು, ನನಗೆ ನಾಲ್ಕು. ಒಂದು ದಿನ ಉದಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಇದು ಪೂಜೇನಾ ಅಮ್ಮ?" ಎಂದ.

"ನೀನು ಮೊಬೈಲ್ ನೋಡೋಗ್ಲಾ" ಎಂದೆ. ಅವನು ಹೋಗಲಿಲ್ಲ, ಗೋಡೆಗೆ ಒರಗಿ ಅಲ್ಲೇ ಕುಳಿತ.

ಮತ್ತೆ ಸ್ಕ್ಯಾನಿಂಗಿಗೆ ಹೋದೆವು. ತೇಜಸ್ವಿನಿ ತುಂಬ ಹೊತ್ತು ನೋಡಿದಳು. ಪರದೆಯನ್ನು ನಮ್ಮ ಕಡೆ ತಿರುಗಿಸಲಿಲ್ಲ. "ಇಲ್ಲ ಮಧುಶ್ರೀ. ಬೆಳೆದಿಲ್ಲ. ನೀವು ಏನೋ ಮಾಡಿದ್ದರಿಂದ ಆಗಿದ್ದಲ್ಲ ಇದು" ಎಂದಳು. ಮಧುಶ್ರೀ ಅಲ್ಲೇ, ಎಲ್ಲರೆದುರಿಗೆ, ಜೋರಾಗಿ ಅತ್ತಳು. ಕುಣಿಗಲ್ಲಿಗೆ ತಾನೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು.

ಮಾರನೆಯ ಬೆಳಿಗ್ಗೆ ಕರಡಿಗೆ ತೆರೆಯಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗ ಅವಳೇ ಬಂದಳು. ಕಣ್ಣು ಊದಿತ್ತು. ಮಣೆ ಎಳೆದುಕೊಂಡು ಕುಳಿತಳು. ಮೈಲಿಗೆಯ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಲಿಂಗ ಕಟ್ಟಿದವರಿಗೆ ಅದಿಲ್ಲ.

"ಇವತ್ತು ಏನಂತ ಬೈಯೋಣ ಹೇಳು" ಎಂದೆ.

"ಇವತ್ತು ಆಗಲ್ಲ ಅತ್ತೆ. ನಾಳೆ ಬೈತೀನಿ."

ಇಬ್ಬರೂ ಸುಮ್ಮನೆ ಕುಳಿತೆವು. ಅವನೂ ಸುಮ್ಮನಿದ್ದ. ಅಷ್ಟಾದರೂ ಮರ್ಯಾದೆ ಅವನಿಗಿತ್ತು.