ಗೋಡೆಯ ಮೇಲಿನ ಏಳು ಡಿಗ್ರಿ

"ಮಲ್ಲಪ್ಪಾ, ಅದಕ್ಕ ಕೈ ಹಚ್ಚಬ್ಯಾಡ!"

ಶರಣಬಸಮ್ಮನ ಕೂಗಿಗೆ, ಮೊಳೆಯತ್ತ ಚಾಚಿದ್ದ ಕೈಯನ್ನು ಮೈದುನ ಹಿಂದಕ್ಕೆಳೆದುಕೊಂಡ. ಬೆಳಗ್ಗೆ ಚಹಾಕ್ಕೆ ಎಬ್ಬಿಸಲು ಹೋದಾಗ ಗಂಡ ಸೂಗಪ್ಪ ಏಳಲಿಲ್ಲ. ಒಂದು ತಾಸಿನಲ್ಲಿ ಉಪ್ಪಲ್ ಬಡಾವಣೆಯ ಮನೆ ತುಂಬ ಜನ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಬೇಕು. ಅದೇ ಗೋಡೆಯ ಮೇಲೆ ಗಾಜಿನ ಕೊಳವೆಯೊಂದು ತಲೆಕೆಳಗಾಗಿ ತೂಗುತ್ತಿತ್ತು.

"ವೈನಿ, ಅಣ್ಣನ ತಲಿಗೆ ಬಡೀತೈತಿ. ತೆಗೆದು ನೆಟ್ಟಗ ಇಡ್ತೀನಿ, ಅಷ್ಟ."

"ನೆಟ್ಟಗ ಇಟ್ರ ನಿಮ್ಮಣ್ಣಾರು ಎದ್ದು ಬಂದು ಬೈತಾರ. ಬೈಸ್ಕೊಂಡು ಬೈಸ್ಕೊಂಡು ಸಾಕಾಗೇತಿ ನನಗ!"

ಶರಣಬಸಮ್ಮನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂದಿತ್ತು.

*

ಸಮುದ್ರದ ಕಾವು ಅಳೆಯುವ ಕಚೇರಿಯಲ್ಲಿ ಸೂಗಪ್ಪ ಉಪಕರಣ ನೋಡಿಕೊಳ್ಳುತ್ತಿದ್ದ. ಹಡಗು ಹತ್ತಿದ್ದು ಒಮ್ಮೆ ಮಾತ್ರ. ಆಗ ಗೋಡೆಯ ಈ ಕೊಳವೆಯನ್ನು, ಅಂದರೆ ಉಷ್ಣಮಾಪಕವನ್ನು, ಸಾವಿರ ಮೀಟರ್ ಆಳಕ್ಕೆ ಇಳಿಸಿ, ಐದು ನಿಮಿಷ ಬಿಟ್ಟು, ತಲೆಕೆಳಗು ಮಾಡಿದ್ದರು. ತಲೆಕೆಳಗಾದಾಗ ಪಾದರಸ ತುಂಡಾಗಿ ಆ ಕ್ಷಣದ ಕಾವು ಅದರಲ್ಲೇ ನಿಲ್ಲುತ್ತದೆ. ಅಲ್ಲಿಯ ಏಳು ಡಿಗ್ರಿಯನ್ನು ಹಿಡಿದುಕೊಂಡೇ ಅದು ಮೇಲೆ ಬಂತು. ನೆಟ್ಟಗೆ ಮಾಡಿದರೆ ಪಾದರಸ ಮತ್ತೆ ಕೂಡಿಕೊಂಡು ಅಂಕೆ ಅಳಿಯುತ್ತದೆ. ಹೊಸ ಯಂತ್ರಗಳು ಬಂದಮೇಲೆ ಕಚೇರಿ ಬೇಡವೆಂದದ್ದನ್ನು ಕೇಳಿಕೊಂಡು ಮನೆಗೆ ತಂದಿದ್ದ.

"ಅದರಾಗ ಸಮುದ್ರದ ತಂಪೈತಿ, ಮುಟ್ಟಬ್ಯಾಡ." ದಿನಾ ಇದೇ ಮಂತ್ರ.

ಹನ್ನೆರಡು ವರ್ಷದ ಹಿಂದಿನ ದೀಪಾವಳಿಗೆ ಧೂಳು ಹೊಡೆಯುವಾಗ ಅವಳು ಅದನ್ನು ನೆಟ್ಟಗೆ ಹಿಡಿದು ಒರೆಸಿಬಿಟ್ಟಿದ್ದಳು. ಮತ್ತೆ ತಲೆಕೆಳಗಾಗಿ ತೂಗುಹಾಕಿ, ಯಾರಿಗೂ ಹೇಳಿರಲಿಲ್ಲ.

*

ಸೂಗಪ್ಪನ ಜೊತೆಗೆ ಕೆಲಸ ಮಾಡಿದ ಆನಂದಕುಮಾರ ಬಂದು ಕೊಳವೆಯನ್ನು ತಲೆಕೆಳಗಾಗಿಯೇ ಮೊಳೆಯಿಂದ ಬಿಡಿಸಿಕೊಂಡ. ಹೆಣವನ್ನು ಕೂರಿಸಿ ವಿಭೂತಿ ಹಚ್ಚಿದರು.

"ಎಷ್ಟೈತ್ರಿ ಅದರಾಗ?" ಶರಣಬಸಮ್ಮ ಕೇಳಿದಳು.

"ಇಪ್ಪತ್ತಾರು."

"ನಾನ ಕೆಡಿಸೀನ್ರಿ. ಅವರಿಗೆ ಹೇಳಲಿಲ್ಲ."

"ಅವರಿಗೆ ಅವತ್ತ ಗೊತ್ತಾಗಿತ್ರಿ ಅಕ್ಕಾರ. ದಿನಾ ಮುಂಜಾನೆ ಅದನ್ನ ಓದ್ತಿದ್ರಲ್ರಿ! 'ಧೂಳ ಒರಸ್ಯಾಳ ಪಾಪ, ಹೇಳಿದ್ರ ನೊಂದ್ಕೊಂತಾಳ, ಸುಮ್ಮನಿರು' ಅಂದಿದ್ರು."

"ಮತ್ತ ಹನ್ನೆರಡು ವರ್ಷ ಮುಟ್ಟಬ್ಯಾಡ ಅಂತ ಯಾಕ ನನ್ನ ಜೀವ ತಿಂದ್ರು?"

"ಬೈಯೋದು ಬಿಟ್ರ ನಿಮಗ ಸಂಶಯ ಬರ್ತಿತ್ತಲ್ರಿ."

"ನೋಡ್ರಿ ಇವರ ಬುದ್ಧಿ!" ಅವಳು ಗಂಡನ ವಿಭೂತಿಯ ಹಣೆಯತ್ತ ತಿರುಗಿದಳು. "ಒಂದು ಮಾತು ಹೇಳಿದ್ರ ಬಾಯಿ ಸವೀತಿತ್ತೇನ್ರಿ ನಿಮ್ದು?"

ಕೊಳವೆಯನ್ನು ಇಸಿದುಕೊಂಡು ತಾನೇ ನೆಟ್ಟಗೆ ಮಾಡಿದಳು. ಪಾದರಸ ಜಾರಿ ಕೂಡಿಕೊಂಡಿತು. ಅದನ್ನು ಗಂಡನ ಎರಡು ಅಂಗೈಗಳ ನಡುವೆ ನಿಲ್ಲಿಸಿ, ಮೇಲೆ ತನ್ನ ಸೆರಗು ಸುತ್ತಿ ಹಿಡಿದಳು.

"ವೈನಿ, ಹೊತ್ತಾಗಾಕತ್ತೈತಿ. ಸ್ವಾಮಿಗೋಳು ಕಾಯಾಕತ್ತಾರ."

"ಐದು ನಿಮಿಷ ಕಾಯಲಿ ಬಿಡು."

ಗಡಿಯಾರ ನೋಡಿ ಐದು ನಿಮಿಷ ಕೂತಳು. ಆಮೇಲೆ ಕೊಳವೆಯನ್ನು ತಲೆಕೆಳಗು ಮಾಡಿ ಎದೆಗವಚಿಕೊಂಡಳು.

"ಇನ್ನ ಇದನ್ನ ಯಾರೂ ಮುಟ್ಟಬ್ಯಾಡ್ರಿ," ಎಂದಳು. ಕಣ್ಣು ಮುಚ್ಚಿದಳು. "ಶಿವನೇ, ಇವರ ಜೀವ ತಣ್ಣಗಿಡಪ್ಪಾ."