ಕೊಲಂಬೊದ ಮನಿ, ಬನಹಟ್ಟಿಯ ಕಾರ್ಡು

ನಮ್ಮಣ್ಣ ಸುಭಾಷನ ಕ್ರೆಡಿಟ್ ಕಾರ್ಡು ಬನಹಟ್ಟಿಯ ಪೆಟ್ರೋಲ್ ಪಂಪಿನಲ್ಲಿ ನಡೆಯುತ್ತದೆ, ಜಮಖಂಡಿಯ ಅಂಗಡಿಗಳಲ್ಲೂ ನಡೆಯುತ್ತದೆ. ಆದರೆ ಅವತ್ತು ಕೊಲಂಬೊದ ಒಂದು ಮನೆಗೆ ಫೋನಿನಲ್ಲಿ ಬಾಡಿಗೆ ಕಟ್ಟಲು ಹೋದರೆ, ಎಷ್ಟು ಸಲ ಒತ್ತಿದರೂ ಆಗಲಿಲ್ಲ.

"ಹೊರಗ ನಡಿಯಾಂಗಿಲ್ಲ ಅಂದ್ರ ಈ ಬ್ಯಾಂಕಿನಾವ್ರು ಕಾರ್ಡ್ ಯಾಕ ಕೊಡ್ತಾರ? ಗೂಟಕ್ಕ ಹಾಕಾಕ?" ಅಂದ ಸುಭಾಷ.

ಬಾಡಿಗೆಗೆ ಮನೆ ಹಿಡಿಯಬೇಕಾಗಿದ್ದದ್ದು ನಮ್ಮವ್ವ ತಾರವ್ವನಿಗಾಗಿ. ಓಣಿಯ ಮನೆಮನೆಯಲ್ಲಿ ಪವರ್‌ಲೂಮ್ ಕೂತ ಮೇಲೂ ಅವ್ವ ಕೈಮಗ್ಗ ಬಿಟ್ಟವಳಲ್ಲ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದನ್ನು ನೇಯ್ದು ತೋರಿಸಿರಿ ಅಂತ ಕೊಲಂಬೊದ ಕೈಮಗ್ಗ ಮೇಳದವರು ಅವಳನ್ನೂ ಪಕ್ಕದ ಮನೆಯ ಸಾವಕ್ಕನನ್ನೂ ಕರೆದಿದ್ದರು. ವಿಮಾನದ ಖರ್ಚು ಮೇಳದವರದು. ಇರುವ ಜಾಗ ನಾವೇ ಗೊತ್ತುಮಾಡಿ ಶನಿವಾರದೊಳಗೆ ತಿಳಿಸಬೇಕು, ಇಲ್ಲದಿದ್ದರೆ ಆ ಅವಕಾಶ ಬೇರೆಯವರಿಗೆ.

ಸಾವಕ್ಕನದು ಒಂದೇ ಹಟ. "ಒಲಿ ಇರೋ ಮನಿ ಹಿಡಿ ತಮ್ಮಾ. ನಾ ಜ್ವಾಳದ ಹಿಟ್ಟ ಕಟಗೊಂಡ ಬರ್ತೇನಿ. ಮೀನಿನ ಊರಾಗ ನಾ ಏನ್ ತಿನ್ನಲಿ?"

ಅದಕ್ಕೇ ಸುಭಾಷ ಟೈಮ್‌ಶೇರ್ ಮನೆ ಹುಡುಕಿದ್ದ. ಒಂದೇ ಮನೆಯನ್ನು ಹಲವರು ಸೇರಿ ಕೊಂಡಿರುತ್ತಾರೆ, ವರ್ಷದಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಾರ. ಹಿಪ್ಪರಗಿ ಕಡೆ ಕಬ್ಬಿಗೆ ನೀರಿನ ಪಾಳಿ ಹಚ್ಚುತ್ತಾರಲ್ಲ, ಹಾಗೆ. ತಮ್ಮ ಪಾಳಿಗೆ ಹೋಗಲಾಗದವರು ಆ ವಾರವನ್ನು ಬಾಡಿಗೆಗೆ ಕೊಡುತ್ತಾರೆ. ಆ ರೆಸಾರ್ಟಿನವರ ವೆಬ್‌ಸೈಟಿನಲ್ಲೇ ಅಂಥ ಒಂದು ವಾರ ಖಾಲಿ ಇತ್ತು, ಅಡುಗೆಮನೆಯೂ ಇತ್ತು. ನಡೆಯದೆ ನಿಂತದ್ದು ಕಾರ್ಡು.

ಸಿಟ್ಟಿನಲ್ಲಿ ಅಣ್ಣ ಫೇಸ್‌ಬುಕ್ಕಿನ ಪ್ರವಾಸದ ಗುಂಪೊಂದರಲ್ಲಿ ತನ್ನ ಗೋಳು ಬರೆದ. ಸ್ವಲ್ಪ ಹೊತ್ತಿಗೆ ಒಬ್ಬನ ಮೆಸೇಜು ಬಂತು. ತಾನು ಆ ಮನೆಯ ಮಾಲೀಕರ ಏಜೆಂಟ, ಕಾರ್ಡಿನ ಚಿಂತೆ ಬೇಡ, ತಮ್ಮ ಮನುಷ್ಯ ಇಂಡಿಯಾದಲ್ಲೇ ಇದ್ದಾನೆ, ಅವನ ಖಾತೆಗೆ ಹಾಕಿದರೆ ಸಾಕು ಅಂತ.

"ಆತು ತಗೋ, ಕೆಲಸ ಹಗುರಾತು," ಅಂತ ಅಣ್ಣ ಆ ಖಾತೆಯ ನಂಬರು ಒತ್ತತೊಡಗಿದ.

ಮನೆಯಲ್ಲಿ ನಾನು ಮಾತಾಡುವುದೇ ಕಡಿಮೆ. ಹೇಳಬೇಕಾದದ್ದು ಗಂಟಲವರೆಗೆ ಬಂದು ಅಲ್ಲೇ ಕೂರುತ್ತದೆ. ಅವತ್ತು ಹೇಗೋ ಹೊರಬಿತ್ತು. "ಅಣ್ಣಾ, ತಡಿ. ಶ್ರೀದೇವಿ ಬರೂತನಾ ಹಾಕಬ್ಯಾಡ."

"ನೋಡ್ರಿ, ಡಿಗ್ರಿ ಮುಗದ ಮ್ಯಾಲ ಈಕಿಗೆ ಬಾಯಿ ಬಂತು," ಅಂತ ಸಾವಕ್ಕ ನಕ್ಕಳು.

ಶ್ರೀದೇವಿ ನನ್ನ ಗೆಳತಿ. ಜಮಖಂಡಿಯ ಬ್ಯಾಂಕೊಂದರಲ್ಲಿ ಕೆಲಸ. ಸಂಜೆ ಬಸ್ಸಿಳಿದವಳು ಸೀದಾ ನಮ್ಮ ಮನೆಗೇ ಬಂದಳು. ಮೆಸೇಜು ಓದಿ ಕೇಳಿದಳು, "ಸುಭಾಷಣ್ಣಾ, ಈ ಖಾತೆ ಯಾರದ್ರಿ?"

"ಯಾರದರ ಇರಲಿ. ಸೊಲ್ಲಾಪುರದ ಸಾವಕಾರ್ರು ನಮಗ ಕೊಡೋ ರೊಕ್ಕಾ ನೂಲಿನ ಅಂಗಡಿಗೆ ಕಟ್ಟತಾರ. ನಾವು ಅವರು ಹೇಳಿದಾವ್ರಿಗೆ ಸೀರಿ ಕೊಡ್ತೇವಿ. ಹೇಳಿದ ಹೆಸರಿಗೆ ಹಾಕೋದ ನಮ್ಮ ಧಂದೆ. ನಿಮ್ಮ ಬ್ಯಾಂಕಿಗೆ ಇದು ತಿಳಿಯಾಂಗಿಲ್ಲ ಬಿಡು."

"ಖರೆ ಐತ್ರಿ. ಆದ್ರ ಸಾವಕಾರ್ರು ಮಾತ ತಪ್ಪಿದ್ರ ನೀವು ನಾಳಿಗೆ ಹೋಗಿ ಅವ್ರ ಮನಿ ಕಟ್ಟಿ ಮ್ಯಾಲ ಕುಂದರತೀರಿ. ಈ ಮನಷ್ಯಾನ ಕಟ್ಟಿ ಎಲ್ಲೈತ್ರಿ?"

ಅಣ್ಣ ಆ ಮೆಸೇಜನ್ನು ಮತ್ತೊಮ್ಮೆ ಓದಿದ. ಸಾವಕ್ಕನೂ ಬಗ್ಗಿ ನೋಡಿದಳು.

"ಮತ್ತ ಹೊರದೇಶದ ಬಾಡಿಗಿ ಇಲ್ಲಿ ಯಾರದೋ ಖಾತೆಗೆ ಹಾಕೋದನ್ನ ಕಾಯ್ದೆನೂ ಒಪ್ಪಂಗಿಲ್ರಿ," ಅಂದಳು ಶ್ರೀದೇವಿ. "ಮದ್ಲ ರೆಸಾರ್ಟಿಗೇ ಫೋನ್ ಮಾಡಿ ಕೇಳ್ರಿ. ಇಂವಾ ಕೊಟ್ಟ ನಂಬರಿಗಲ್ಲ, ಅವ್ರ ವೆಬ್‌ಸೈಟಿನಾಗ ಇರೋ ನಂಬರಿಗೆ."

ಅಣ್ಣ ಫೋನನ್ನು ನನ್ನತ್ತ ಚಾಚಿದ. "ಇಂಗ್ಲಿಷ್ ಕಲ್ತಾಕಿ ನೀನು."

ನಾನು ಅವ್ವನ ಮುಖ ನೋಡಿದೆ. ಅವ್ವ ಮಗ್ಗದ ಕುಣಿಯಿಂದ ಏಳದೆಯೇ ಹೇಳಿದಳು, "ಶೀತಲ್, ಮಾತ ಬರದ ಊರಿಗೆ ಹೊಂಟೇನಿ ನಾನು. ನೀ ಬರೇ ಒಂದ ಫೋನ್ ಮಾಡವಾ."

ಮಾಡಿದೆ. ಒಂದು ವಾಕ್ಯ ನಡುವೆಯೇ ತುಂಡಾಯಿತು. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಕೇಳಿಸಿಕೊಂಡಳು. ತಮಗೆ ಏಜೆಂಟರೇ ಇಲ್ಲ, ಆ ವಾರ ಇನ್ನೂ ಖಾಲಿ ಇದೆ, ಹಣ ತಮ್ಮ ವೆಬ್‌ಸೈಟಿನಲ್ಲೇ ಕಟ್ಟಬೇಕು ಅಂದಳು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಅಣ್ಣ ಹಣೆ ಒರೆಸಿಕೊಂಡ.

"ಮನಿ ಖರೆ, ಏಜೆಂಟ ಸುಳ್ಳು," ಅಂದಳು ಸಾವಕ್ಕ. "ಆದ್ರ ಕಾರ್ಡ್ ನಡಿವಲ್ದಲ್ಲ?"

ಶ್ರೀದೇವಿ ಅಣ್ಣನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆಗೆಸಿದಳು. "ಹೊಸಾ ಕಾರ್ಡ್ ನಮ್ಮ ದೇಶದಾಗಷ್ಟ ನಡಿಯೂಹಂಗ ಕೊಟ್ಟಿರ್ತಾರ್ರಿ. ಹೊರದೇಶದ ಎಷ್ಟೋ ಕಡಿ ಓಟಿಪಿನೂ ಕೇಳಾಂಗಿಲ್ಲ, ಕಾರ್ಡಿನ ನಂಬರ್ ಸಿಕ್ರ ಕಳ್ಳಗ ಸಾಕು. ಅದಕ್ಕ ಈ ಚಿಲಕ. ಬೇಕಾದಾಗ ನೀವ ತಗೀಬಹುದು. ಇಲ್ಲಿ ನೋಡ್ರಿ, ಅಂತರರಾಷ್ಟ್ರೀಯ ಬಳಕೆ. ಆನ್‌ಲೈನ್ ಅಷ್ಟ ತಗೀರಿ. ಮಿತಿ ಬಾಡಿಗಿಗೆ ಸಾಕಾಗೂ ಅಷ್ಟ ಇಡ್ರಿ. ಮ್ಯಾಲ ಬ್ಯಾಂಕಿನ ಶುಲ್ಕ ಬೀಳ್ತೈತಿ, ಅದನ್ನೂ ಹಿಡೀರಿ."

"ಚಿಲಕ ನನ್ನ ಕೈಯಾಗ ಇತ್ತು. ನಾ ಬ್ಯಾಂಕಿಗೆ ಬೈಯಾಕತ್ತಿದ್ದೆ," ಅಂದ ಅಣ್ಣ.

ಈ ಸಲ ಹಣ ಹೋಯಿತು. ರೆಸಾರ್ಟಿನಿಂದ ಅವ್ವನ ಹೆಸರು, ಸಾವಕ್ಕನ ಹೆಸರು ಬರೆದ ಇಮೇಲೂ ಬಂತು. ಅದನ್ನು ನಾನು ಆಗಲೇ ಮೇಳದವರಿಗೆ ಕಳಿಸಿದೆ. ಅಣ್ಣ ಯಾರೂ ಹೇಳುವ ಮೊದಲೇ ಆ್ಯಪಿಗೆ ಹೋಗಿ ಚಿಲಕ ಮತ್ತೆ ಹಾಕಿದ.

ಅಷ್ಟರಲ್ಲಿ ಏಜೆಂಟನ ಮೆಸೇಜು: ಸರ್, ಬೇರೆಯವರು ಕೇಳುತ್ತಿದ್ದಾರೆ, ಬೇಗ ಹಾಕಿ. ಅಣ್ಣ ಬರೆದ, "ನಿಮ್ಮ ಮನಿ ವಿಳಾಸ ಕಳಸ್ರಿ, ಬಂದು ಕೈಯಾಗ ಕೊಡ್ತೇನಿ." ಆಮೇಲೆ ಆ ಕಡೆಯಿಂದ ಉತ್ತರವೇ ಇಲ್ಲ. ಶ್ರೀದೇವಿ ಹೇಳಿದಂತೆ ಅವನು ಕೊಟ್ಟ ಖಾತೆಯ ನಂಬರಿನ ಮೇಲೆ ಸೈಬರ್ ದೂರು ಕೊಟ್ಟೆವು. ಇನ್ನೊಬ್ಬರ ಮನೆ ಹಾಳಾಗಬಾರದಲ್ಲ.

ಅವ್ವ ಮಗ್ಗ ಬಿಟ್ಟು ಎದ್ದು ಬಂದು ಫೋನಿನಲ್ಲಿ ಆ ಅಡುಗೆಮನೆಯ ಫೋಟೋ ನೋಡಿದಳು. "ಒಲಿ ಸಣ್ಣದೈತಿ," ಅಂದಳು. "ನಡೀತೈತಿ. ಒಂದೊಂದ ರೊಟ್ಟಿ ಬೇಯಸೂಣು."

ಅಕ್ಕಂದಿರೇ, ಅಣ್ಣಂದಿರೇ, ಹೊರದೇಶಕ್ಕೆ ಹಣ ಕಟ್ಟುವ ಕೆಲಸ ಇವತ್ತು ಯಾವ ಮನೆಗೂ ಬರಬಹುದು. ಕಾರ್ಡು ನಡೆಯಲಿಲ್ಲವೆಂದು ಅಡ್ಡದಾರಿ ಹಿಡಿಯಬೇಡಿ. ಬ್ಯಾಂಕಿನವರನ್ನು ಕೇಳಿ, ಬೇಕಾದಷ್ಟೇ ತೆರೆಯಿರಿ, ಕೆಲಸ ಮುಗಿದ ಕೂಡಲೇ ಮುಚ್ಚಿರಿ. ಓಟಿಪಿ, ಕಾರ್ಡಿನ ಫೋಟೋ ಯಾರಿಗೂ ಕೊಡಬೇಡಿ. ಅಕಸ್ಮಾತ್ ಮೋಸಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಆ ಕ್ಷಣವೇ ಬ್ಯಾಂಕಿಗೆ ತಿಳಿಸಿ ಕಾರ್ಡು ಬಂದ್ ಮಾಡಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಾತು ತಡವರಿಸಿದರೂ ಪರವಾಗಿಲ್ಲ, ಫೋನ್ ತಡವಾಗಬಾರದು.