ನಲವತ್ತು ಬಡಿತದ ಮೌನ

ಹುಬ್ಬಳ್ಳಿಯ ಉಣಕಲ್ಲಿನ ಬಸವಪ್ರಭುವಿಗೆ ಯಾರಾದರೂ ಒಂದು ಪ್ರಶ್ನೆ ಕೇಳಿದರೆ, ಉತ್ತರ ಬರುವುದರೊಳಗೆ ಕೇಳಿದವರೇ ಎರಡು ಉತ್ತರಗಳನ್ನು ಹೇಳಿಕೊಂಡು, ಎರಡನೆಯದೇ ಸರಿಯೆಂದು ತೀರ್ಮಾನಿಸಿ, ಬೇರೆ ಮಾತಿಗೆ ಹೊರಳಿರುತ್ತಿದ್ದರು. ಹುಡುಗ ತೊದಲುವವನಲ್ಲ, ಅವನ ಕಿವಿ ಮಂದವಲ್ಲ, ಬುದ್ಧಿಯಂತೂ ಮೊದಲೇ ಅಲ್ಲ. ಮಾತು ಅವನ ಬಾಯಿಗೆ ಬರುವ ಮುನ್ನ ದಾರಿಯಲ್ಲಿ ಎಲ್ಲೋ ಒಂದು ಕಟ್ಟೆಯ ಮೇಲೆ ಕುಳಿತು ದಣಿವಾರಿಸಿಕೊಂಡು ಬರುತ್ತಿತ್ತು, ಅಷ್ಟೆ. ಆ ಹೊತ್ತಿನಲ್ಲಿ ಹುಬ್ಬು ಕೊಂಚ ಮೇಲೇರುತ್ತಿತ್ತು, ಬಾಯಿ ತೆರೆಯುತ್ತಿತ್ತು, ಬಂತು ಎನ್ನುವಷ್ಟರಲ್ಲಿ ಮುಚ್ಚುತ್ತಿತ್ತು, ಕಡೆಗೆ ಕೆಳದುಟಿ ಒಮ್ಮೆ ಒಳಸರಿದು ಹೊರಬರುತ್ತಿತ್ತು. ಕೆಳದುಟಿ ಹೊರಬಂದ ಮೇಲೆ ಮಾತು ತಪ್ಪದೆ ಬರುತ್ತದೆಂಬುದನ್ನು ಅವನ ಆಯಿ ಶಿವಲಿಂಗವ್ವ, ಅಂದರೆ ಅವನ ತಂದೆಯ ತಾಯಿ, ಅವನು ಮೂರು ವರ್ಷದವನಿದ್ದಾಗಲೇ ಗುರುತಿಸಿ ಇಟ್ಟುಕೊಂಡಿದ್ದಳು.

ಶಿವಲಿಂಗವ್ವ ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಓದು ಹತ್ತಲಿಲ್ಲ, ಎಣಿಕೆ ಹತ್ತಿತು. ಮೊಮ್ಮಗನ ವಿಷಯದಲ್ಲಿ ಆಕೆ ತಪ್ಪಿದ್ದು ಕಡಿಮೆ. ಸಾಲೆಯಲ್ಲಿ ಮಾಸ್ತರರು ಏಳೆಂಟಲೆ ಎಷ್ಟೆಂದು ಅವನನ್ನು ಕೇಳಿ, ಕಾದು, ಬೇಸತ್ತು, ಪಕ್ಕದವನನ್ನು ಒಂಬತ್ತೊಂಬತ್ತಲೆ ಕೇಳಿದಾಗ ಇವನು ಎದ್ದು ನಿಂತು ಐವತ್ತಾರು ಎಂದನಂತೆ. ಅಂದು ಅವನು ಹೊಡೆತ ತಿಂದು ಬಂದ. ಆಕೆ ಮಾಸ್ತರರ ಮನೆಗೆ ಹೋಗಿ ಹೇಳಿದ ಮಾತು ಒಂದೇ: "ಉತ್ತರ ಸರಿ ಅದನೋ ಇಲ್ಲೋ, ಅಷ್ಟ ಹೇಳ್ರಿ."

ನಡಿಗೆಯೂ ಮಾತಿನಂತೆಯೇ ಇತ್ತು. ಹೆಜ್ಜೆ ಎತ್ತುವಾಗ ಇಡಲೋ ಬೇಡವೋ ಎಂಬಂತೆ ಎತ್ತುತ್ತಿದ್ದ. ಇಟ್ಟ ಮೇಲೆ ಮಾತ್ರ ನೆಲ ತನ್ನದೇ ಎಂಬಂತೆ ಇಡುತ್ತಿದ್ದ. ಸುಮ್ಮನೆ ಮರ್ಯಾದೆಗೆಂದು ಹೂಂಗುಟ್ಟುವ ಅಭ್ಯಾಸ ಅವನಿಗಿರಲಿಲ್ಲ. ಅರಳೆ ವ್ಯಾಪಾರದ ಮನೆತನದಲ್ಲಿ, ಹತ್ತು ಮಂದಿ ಒಮ್ಮೆಲೇ ಅರಳೆಯ ದರ ಕೂಗುವ ರಕ್ತದಲ್ಲಿ, ಇಂಥದೊಂದು ಕೂಸು ಹೇಗೆ ಹುಟ್ಟಿತೆಂದು ತಂದೆ ಶಾಂತಯ್ಯನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ವಿದ್ಯಾನಗರದ ಕಾಲೇಜಿನಲ್ಲಿ ಮಾತ್ರ ಈ ಕೊರತೆಯೇ ಐಶ್ವರ್ಯವಾಯಿತು. ಮೊದಲ ವರ್ಷದ ಸ್ನೇಹಸಮ್ಮೇಳನದ ಪ್ರಹಸನದಲ್ಲಿ ಅವನಿಗೆ ಮೂರು ಮಾತಿನ ಒಂದು ಮುದುಕನ ಪಾತ್ರ ಬಂತು. ಅಜ್ಜನ ಕರಿಯ ಕೋಟನ್ನು ಟ್ರಂಕಿನಿಂದ ತೆಗೆದು ತೊಟ್ಟು ನಿಂತ. ಭುಜಗಳು ಕೋಟಿನೊಳಗೆ ಬಾಡಿಗೆಗೆ ಇದ್ದಂತಿದ್ದವು. ಎದುರಿನವನು ಪ್ರಶ್ನೆ ಕೇಳಿದ. ಹುಬ್ಬು ಏರಿತು, ಬಾಯಿ ತೆರೆಯಿತು, ಮುಚ್ಚಿತು. ಮೊದಲ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾತು ಹೊರಬರುವ ಹೊತ್ತಿಗೆ ಇಡೀ ಸಭಾಗೃಹ ನಕ್ಕು ನೀರಾಗಿತ್ತು. ಅಂದಿನಿಂದ ಪ್ರತಿವರ್ಷದ ಪ್ರಹಸನದಲ್ಲಿ ಮುದುಕನ ಪಾತ್ರ ಅವನದು, ಕೋಟು ಅಜ್ಜನದು. ಅವನು ಮಾತ್ರ ಎಂದೂ ನಗಲಿಲ್ಲ.

ಅವನು ಕೊನೆಯ ವರ್ಷದಲ್ಲಿದ್ದಾಗ ಲಾಕ್‌ಡೌನ್ ಬಂತು. ಊರೆಲ್ಲ ಬಾಗಿಲು ಹಾಕಿಕೊಂಡಿತು, ಅಂತರ ಕಾಲೇಜು ಪ್ರಹಸನ ಸ್ಪರ್ಧೆ ಫೋನಿನೊಳಗೆ ಬಂದು ಕುಳಿತಿತು. ಎಂಟು ನಿಮಿಷದ ವಿಡಿಯೋ ಮಾಡಿ ಮುಂದಿನ ವಾರದ ಶನಿವಾರದೊಳಗೆ ಕಳಿಸಬೇಕು. ತಂಡದಲ್ಲಿ ನಾಲ್ವರು. ಮುಂದಾಳು ವಿಶಾಲ, ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದ. ರಜನಿ ವಿದ್ಯಾನಗರದವಳು, ವಿಡಿಯೋ ತುಂಡುಗಳನ್ನು ಜೋಡಿಸುವ ಕಸಬು ಆಕೆಗೆ ಗೊತ್ತಿತ್ತು. ಶಾಕೀರ ಹಳೇ ಹುಬ್ಬಳ್ಳಿಯವನು, ಮಾತಿನ ಮಲ್ಲ. ವಿಷಯ: ಫೋನಿನಲ್ಲಿಯೇ ಹೆಣ್ಣು ನೋಡುವ ಶಾಸ್ತ್ರ. ರಜನಿ ಕನ್ಯೆ, ವಿಶಾಲ ವರ, ಶಾಕೀರ ದಲ್ಲಾಳಿ, ಬಸವಪ್ರಭು ವರನ ಕಡೆಯ ಹಿರಿಯ ಕಾಕಾ.

ಮೊದಲ ತಾಲೀಮು ಶಿವಲಿಂಗವ್ವನ ಎದುರಿಗೇ ನಡೆಯಿತು, ಏಕೆಂದರೆ ಪಡಸಾಲೆ ಒಂದೇ. ಮೇಲೆ ಕೋಟು, ಕೆಳಗೆ ಲುಂಗಿ ಉಟ್ಟು ಮೊಮ್ಮಗ ಸುಣ್ಣದ ಗೋಡೆಗೆ ಬೆನ್ನು ಮಾಡಿ ಕುಳಿತಿದ್ದ.

"ಕಾಕಾ ಅವರ, ಹುಡುಗಿ ಹ್ಯಾಂಗದಾಳ್ರಿ?" ಎಂದು ಶಾಕೀರನ ದನಿ ಫೋನಿನಿಂದ ಬಂತು.

ಹುಬ್ಬು ಏರಿತು.

"ಹಲೋ. ಬಸ್ಯಾ. ಕಟ್ ಆತೇನಲೇ?"

"ಅವನ ನೆಟ್ ಹೋತು," ಎಂದಳು ರಜನಿ. "ಇಟ್ಟ ಮತ್ತ ಹಚ್ಚೂಣು."

ಕೆಳದುಟಿ ಹೊರಬರುವ ಹೊತ್ತಿಗೆ ಮೂವರೂ ಫೋನು ಇಟ್ಟಾಗಿತ್ತು. ಕಾಕಾನ ಮಾತನ್ನು ಅವನು ಎದುರಿನ ಗೋಡೆಯ ಕ್ಯಾಲೆಂಡರಿಗೆ ಹೇಳಿ ಮುಗಿಸಿದ.

ಹೀಗೆ ನಾಲ್ಕು ಸಲವಾದ ಮೇಲೆ, ಅವರವರ ಮಾತನ್ನು ಅವರವರ ಮನೆಯಲ್ಲೇ ಚಿತ್ರಿಸಿ ರಜನಿಗೆ ಕಳಿಸುವುದೆಂದು ತೀರ್ಮಾನವಾಯಿತು. ಕಳಿಸಿದರು. ಮೂರು ದಿನದ ನಂತರ ರಜನಿ ಎಲ್ಲವನ್ನೂ ಜೋಡಿಸಿ ಕಳಿಸಿದಳು. ನಾಲ್ವರೂ ಫೋನಿನಲ್ಲೇ ಕೂಡಿ ನೋಡಿದರು, ಒಬ್ಬರೂ ನಗಲಿಲ್ಲ. ಪ್ರಶ್ನೆಯ ಬೆನ್ನಿಗೇ ಕಾಕಾನ ಉತ್ತರ ಬರುತ್ತಿತ್ತು, ಬಸ್ ಕಂಡಕ್ಟರನು ಚೀಟಿ ಹರಿದು ಕೊಟ್ಟಂತೆ.

ಬಹಳ ಹೊತ್ತಿನ ಮೇಲೆ ಬಸವಪ್ರಭು ಕೇಳಿದ: "ರಜನಿ, ನಾ ಸುಮ್ಮ ಇದ್ದದ್ದು ಎಲ್ಲಿ ಹೋತು?"

"ಅಲ್ಲೆಲ್ಲಾ ವಿಡಿಯೋ ಸಿಕ್ಕೊಂಡಿತ್ತಲ್ಲೋ. ಕುಂತ್ ಕತ್ತರಸೇನಿ, ಎರಡ ತಾಸ ಹಿಡೀತು. ಎಷ್ಟ ಸ್ವಚ್ಛ ಆಗೇತಿ ನೋಡು."

"ಅದು ಸಿಕ್ಕೊಂಡದ್ದಲ್ಲ. ಅದು ನಾನು."

 ಆಮೇಲೆ ವಿಶಾಲ ಮೆಲ್ಲಗೆ ಹೇಳಿದ: "ಬಸ್ಯಾ, ತಪ್ಪ ತಿಳಕೋಬ್ಯಾಡ. ಸ್ಟೇಜಿನ ಮ್ಯಾಲೆ ನಿನ್ನಂಥಾಂವ ಯಾಂವಿಲ್ಲ. ಇದು ಫೋನ್. ಅಂಗೈಯಷ್ಟ ಪರದೆದಾಗ ನಿನ್ನ ಹುಬ್ಬು ಯಾರಿಗೆ ಕಾಣಬೇಕು? ಕಾಕಾನ ಪಾರ್ಟು ಶಾಕೀರ ಮಾಡ್ಲಿ, ದಲ್ಲಾಳಿದು ನೀ ಮಾಡು. ಆಗಬಹುದಿಲ್ಲೋ?"

ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಲೋಕದ ರೂಢಿ. ವಿಶಾಲ "ಹಂಗಾರ ಅದ ಫಿಕ್ಸ್" ಎಂದು ಫೋನು ಇಟ್ಟ. ಬಸವಪ್ರಭು ಮರಳಿ ಫೋನು ಹಚ್ಚಿದ. "ಇಲ್ಲ," ಎಂದ. ಬಹಳ ಹೊತ್ತು ಹಗ್ಗ ಜಗ್ಗಾಡಿ ಕಡೆಗೆ ಶುಕ್ರವಾರ ಮುಂಜಾನೆಯವರೆಗೆ ಗಡುವು ಸಿಕ್ಕಿತು. ಅಷ್ಟರೊಳಗೆ ಜನ ನಗುವಂತೆ ಸುಮ್ಮನಿರಲು ಅವನಿಂದ ಸಾಧ್ಯವಾದರೆ ಪಾತ್ರ ಅವನದು; ಇಲ್ಲವಾದರೆ ಕಾಲೇಜಿನ ಕೊನೆಯ ಪ್ರಹಸನದಲ್ಲಿ ಆ ಮುದುಕ ಬೇರೆಯವನಾಗುತ್ತಾನೆ.

ಎರಡು ದಿನ ಅವನು ಕೋಟು ಬಿಚ್ಚಲಿಲ್ಲ. ಕೋಟಿನಲ್ಲೇ ಉಂಡ, ಕೋಟಿನಲ್ಲೇ ಹಿತ್ತಲ ತುಳಸಿಗೆ ನೀರು ಹಾಕಿದ.  ಶಿವಲಿಂಗವ್ವನಿಗೆ ತನ್ನದೇ ಕೆಲಸವಿತ್ತು: ದಿನಾಲೂ ರೊಟ್ಟಿ ಬಡಿಯಲು ಬರುತ್ತಿದ್ದ ಮುದಕವ್ವ ಓಣಿ ದಾಟಿ ಬರುವಂತಿರಲಿಲ್ಲವಾದ್ದರಿಂದ, ಎಂಟು ವರ್ಷದ ಮೇಲೆ ಆಕೆಯೇ ಮತ್ತೆ ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮುಂದೆ ಕುಳಿತಿದ್ದಳು.

ಬುಧವಾರ ರಜನಿ ಫೋನು ಮಾಡಿದಾಗ ಅವನು ಅಡುಗೆಮನೆಯ ಹೊಸ್ತಿಲಲ್ಲಿದ್ದ. ಆಕೆ ಏನೋ ಕೇಳಿದಳು. ಇವನು ಎಂದಿನಂತೆ ನಿಂತ. ಈ ಸಲ ಆಚೆಯಿಂದ ಹಲೋ ಎಂಬ ಶಬ್ದ ಬರಲಿಲ್ಲ. ಅಷ್ಟು ಹೊತ್ತೂ ಆಕೆ ಕಾದಳು, ಕಾದು ಹೇಳಿದಳು: "ಆಯಿ ರೊಟ್ಟಿ ಬಡ್ಯಾಕತ್ತಾರೇನೋ? ಕೇಳಿದ್ರ ಹಸಿವಿ ಆಗ್ತದ."

ಹಿಂದೆ ಬಡಿತ ಕೇಳುತ್ತಿದ್ದರೆ ಫೋನು ಕಟ್ಟಾಯಿತೆಂದು ಯಾರೂ ತಿಳಿಯುವುದಿಲ್ಲ! ಅವನು ರಜನಿಯ ಪ್ರಶ್ನೆಗೆ ಉತ್ತರ ಕೊಡುವುದನ್ನೇ ಮರೆತ. ಫೋನು ಕೆಳಗಿಟ್ಟು ಆಯಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

"ಆಯಿ, ಒಂದ ರೊಟ್ಟಿಗೆ ಎಷ್ಟ ಬಡಿತ?"

"ನಲವತ್ತು."

"ಯಾವಾಗಲೂ?"

"ಹಿಟ್ಟು ಛಲೋ ಇದ್ರ ನಲವತ್ತು. ರೇಶನ್ ಜ್ವಾಳ ಇದ್ರ ನಲವತ್ತೆರಡು."

"ನಾ ಮುಂದ ಕೂತಿರ್ತೇನಿ. ನೀ ನನ್ನ ಹಿಂದ ಬಡೀತಿರು."

"ನನ್ನ ಮಾರಿ ತೋರಸಬ್ಯಾಡ. ಕೈ ಬೇಕಾದ್ರ ತೋರಸು. ಕೈ ಯಾರ್ದಂತ ಯಾರ್ಗೂ ಗೊತ್ತಾಗೂದಿಲ್ಲ."

ಆಮೇಲೆ ಅವನು ಮಾಡಿದ್ದು ಇಷ್ಟು. ಆಯಿಯ ಒಂದು ರೊಟ್ಟಿಯ ಸಪ್ಪಳವನ್ನು ಮೊದಲಿನಿಂದ ಕಡೆಯವರೆಗೆ ಫೋನಿನಲ್ಲಿ ಹಿಡಿದು ಮೂವರಿಗೂ ಕಳಿಸಿದ. ಅದನ್ನು ಕಿವಿಗೆ ಹಚ್ಚಿಕೊಂಡು, ಎಣಿಸುತ್ತ ಅವರು ನಟಿಸಬೇಕು: ಕಾಕಾನಿಗೆ ಪ್ರಶ್ನೆ ಕೇಳಿದ ಮೇಲೆ ಹತ್ತನೆಯ ಬಡಿತಕ್ಕೆ ದಲ್ಲಾಳಿ ಆಕಳಿಸಬೇಕು, ಇಪ್ಪತ್ತಕ್ಕೆ ತಲೆ ತಗ್ಗಿಸಿ ಕುಳಿತ ಕನ್ಯೆ ಬೀಗರಿಗೆಂದು ಇಟ್ಟ ಅವಲಕ್ಕಿಯನ್ನು ತಾನೇ ತಿನ್ನಲು ಹಿಡಿಯಬೇಕು, ಮೂವತ್ತಕ್ಕೆ ವರ ಎದ್ದು ಹೋಗಿ ಅವನ ಕುರ್ಚಿ ಖಾಲಿಯಾಗಬೇಕು, ನಲವತ್ತು ಮುಗಿದು ರೊಟ್ಟಿ ಹಂಚಿಗೆ ಬಿದ್ದಾಗ ಕಾಕಾ ಬಾಯಿ ಬಿಡಬೇಕು. ಸಪ್ತಾಪುರದ ಕೋಣೆ, ವಿದ್ಯಾನಗರದ ಪಡಸಾಲೆ, ಹಳೇ ಹುಬ್ಬಳ್ಳಿಯ ಮಾಳಿಗೆ, ಮೂರೂ ಕಡೆ ಮೂರು ಎಳೆಯ ಜೀವಗಳು ಉಣಕಲ್ಲಿನ ಒಂದು ರೊಟ್ಟಿಗೆ ಕಿವಿಗೊಟ್ಟು ಕುಳಿತವು.

ಅವನ ಸ್ವಂತ ಭಾಗವನ್ನು ಗುರುವಾರ ಮುಂಜಾನೆ ಚಿತ್ರಿಸಿದರು. ಮೊದಲ ಸಲ ರೊಟ್ಟಿ ಅಂಚಿನಲ್ಲಿ ಹರಿಯಿತು. ಎರಡನೆಯ ಸಲ ಶಾಂತಯ್ಯ ಒಳಗೆ ಬಂದು, "ಕೋಟ ಹಾಕ್ಕೊಂಡು ಅಡಗಿಮನ್ಯಾಗ ಏನ್ ನಡಿಸೀಪಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಮೂರನೆಯದರಲ್ಲಿ ಬಸವಪ್ರಭುವೇ ಮೂವತ್ತೇಳಕ್ಕೆ ಬಾಯಿ ಬಿಟ್ಟ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಮಾತು ಲಗೂ ಬಂದಿತ್ತು. "ಅವಸರ ಮಾಡಬ್ಯಾಡ," ಎಂದಳು ಆಯಿ, ಬೆನ್ನು ತಿರುಗಿಸಿದವಳು ತಿರುಗಿಸಿದಂತೆಯೇ. ಒಂಬತ್ತನೆಯ ರೊಟ್ಟಿಗೆ ಎಲ್ಲವೂ ಕೂಡಿಬಂತು. ಅಂದು ಮನೆಯವರೆಲ್ಲ ಎರಡು ಹೊತ್ತೂ ಆ ಪ್ರಹಸನವನ್ನೇ ಉಂಡರು.

ಶುಕ್ರವಾರ ನಾಲ್ವರೂ ಫೋನಿನಲ್ಲಿ ಕೂಡಿದರು. ಶಿವಲಿಂಗವ್ವ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಗದ್ದಲವಾಗಬಾರದೆಂದು ಎಲ್ಲರೂ ತಮ್ಮ ತಮ್ಮ ದನಿ ಮುಚ್ಚಿದ್ದರು. ಶಾಕೀರನು ಮಾತ್ರ ಮರೆತಿದ್ದ. ಪ್ರಶ್ನೆ ಬಂತು: ಹುಡುಗಿ ಹ್ಯಾಂಗದಾಳ್ರಿ? ಕಾಕಾ ಹುಬ್ಬೇರಿಸಿದ. ಹಿಂದೆ ಕೈಗಳು ಬಡಿಯತೊಡಗಿದವು. ಹತ್ತು, ದಲ್ಲಾಳಿಯ ಆಕಳಿಕೆ. ಇಪ್ಪತ್ತು, ಅವಲಕ್ಕಿ. ಯಾರೂ ನಗಲಿಲ್ಲ, ಬಸವಪ್ರಭುವಿನ ಕೈ ಕೋಟಿನ ಗುಂಡಿಯನ್ನು ತಿರುವುತ್ತಿತ್ತು. ಇಪ್ಪತ್ತಾರಕ್ಕೆ ಫೋನಿನಿಂದ ಒಂದು ಸಪ್ಪಳ ಬಂತು, ಖಾಲಿ ಹಂಡೆಯನ್ನು ಫರಸಿಕಲ್ಲಿನ ಮೇಲೆ ಎಳೆದಂತೆ. ಅದು ನಗೆಯೆಂದು ತಿಳಿಯಲು ಎರಡು ಬಡಿತ ಬೇಕಾದವು. ಶಾಕೀರನ ತಾಯಿ ಗುಲ್ಜಾರಬಿ ಮಗನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ಏ ಶಾಕೀರ, ಈ ಕಾಕಾ ಬಾಯಿ ಬಿಡೂದರೊಳಗ ಹುಡುಗಿಗೆ ಮೊಮ್ಮಕ್ಕಳಾಗ್ತಾವಲ್ಲೋ."

ರೊಟ್ಟಿ ಹಂಚಿಗೆ ಬಿತ್ತು. ಕಾಕಾ ತನ್ನ ಮಾತು ಹೇಳಿದ: "ಹುಡುಗಿ ಛಲೋ ಅದಾಳ. ಖರೆ, ಮಾತು ಭಾಳ ಕಡಿಮಿ."

ಗುಲ್ಜಾರಬಿಯ ನಗೆಯ ಅಬ್ಬರದಲ್ಲಿ ಪ್ರಹಸನದ ಉಳಿದ ಭಾಗ ಯಾರಿಗೂ ಕೇಳಿಸಲಿಲ್ಲ. ದನಿ ಪಡಸಾಲೆಯೆಲ್ಲ ತುಂಬುವಂತಿದ್ದರೂ ಬಸವಪ್ರಭು ಫೋನನ್ನೆತ್ತಿ ಕಿವಿಗೆ ಒತ್ತಿ ಹಿಡಿದ. ಆ ನಗೆ ಪೂರ್ತಿ ಆರುವವರೆಗೂ ಹಾಗೆಯೇ ಹಿಡಿದಿದ್ದ.

"ಆತಪಾ, ಪಾರ್ಟ್ ನಿಂದ," ಎಂದ ವಿಶಾಲ. "ನಾಳೆ ಮುಂಜಾನಿ ಕಳಸ್ತೇನಿ."

"ಇನ್ನೊಮ್ಮೆ ಹಚ್ಚು."

"ಯಾಕ, ತಪ್ಪೇನರ ಐತೇನು?"

"ಇಲ್ಲ. ಅವರು ಇನ್ನೊಮ್ಮೆ ನಗ್ತಾರೇನೋ ನೋಡೂಣು."

ಹಚ್ಚಿದರು. ಎರಡನೆಯ ಸಲ ಗುಲ್ಜಾರಬಿ ಹದಿನೆಂಟಕ್ಕೇ ನಕ್ಕಳು, ಮುಂದೆ ಏನು ಬರುತ್ತದೆಂದು ಗೊತ್ತಿದ್ದುದರಿಂದ.

ಸ್ಪರ್ಧೆಯಲ್ಲಿ ಹನ್ನೊಂದು ತಂಡಗಳಿದ್ದವು. ಇವರದು ನಾಲ್ಕನೆಯದಾಗಿ ಬಂತು. ಬಹುಮಾನ ಮೂರಕ್ಕೇ ಇತ್ತು. ನಡುವೆ ಕೊಂಚ ನೆಟ್‌ವರ್ಕ್ ತೊಂದರೆ ಕಂಡುಬಂದರೂ ಅಭಿನಯ ಸ್ವಾಭಾವಿಕವಾಗಿದೆ ಎಂದು ತೀರ್ಪುಗಾರರು ಬರೆದಿದ್ದರು. ಓದಿ ಹೇಳಿದಾಗ ಶಿವಲಿಂಗವ್ವ, "ಅವರ ಮನ್ಯಾಗ ರೊಟ್ಟಿ ಮಾಡೂದಿಲ್ಲಂತ ಕಾಣ್ತದ," ಎಂದಳು. ಮೊಮ್ಮಗ ಕೋಟನ್ನು ಮಡಚಿ ಟ್ರಂಕಿನಲ್ಲಿಟ್ಟು, ಡಾಂಬರು ಗುಳಿಗೆಗಳನ್ನು ಹಾಕಿ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿದ.

ಇಂಥವರು ಓಣಿಗೊಬ್ಬರು ಇರುತ್ತಾರೆ. ಲಗೂ ಮಾತಾಡುವವರ ನಡುವೆ ಇವರ ಪಾಲು ಸಾಮಾನ್ಯವಾಗಿ ಪರರ ಪಾಲಾಗುತ್ತದೆ. ದೂರು ಬಾಯಿಗೆ ಬರುವಷ್ಟರಲ್ಲಿ ಪಂಚರು ಎದ್ದು ಮನೆಗೆ ಹೋಗಿರುತ್ತಾರೆ. ಇವರು ದೂರುವವರಲ್ಲವೆಂದೂ ಸಾತ್ವಿಕರೆಂದೂ ಹೆಸರಾಗುತ್ತದೆ. ಅದು ಹೊಗಳಿಕೆಯಂತೆ ಕೇಳಿಸಿದರೂ ಹೊಗಳಿಕೆಯಲ್ಲ, ಬೇಸರದಿಂದ ಮಾಡಿದ ತೀರ್ಮಾನ. ಮಾತು ತಡವಾಗಿ ಬರುವವನನ್ನು ಲೋಕ ಇಲ್ಲದವನೆಂದೇ ಎಣಿಸುತ್ತದೆ. ಅವನು ಇದ್ದಾನೆಂಬುದಕ್ಕೆ ಸಾಕ್ಷಿಯಾಗಿ, ಅವನು ಬಾಯಿ ಬಿಡುವ ತನಕ, ಹತ್ತಿರದಲ್ಲಿ ಯಾರಾದರೊಬ್ಬರು ಏನಾದರೊಂದು ಕೆಲಸ ಮಾಡುತ್ತ ಕುಳಿತಿರಬೇಕಾಗುತ್ತದೆ.